ಹುಣ್ಣಿಮೆಯವರ ಹೊಸ ಕಾದಂಬರಿ

ಮೂರನೇ ಮಹಡಿಯವರೆಗೆ ಕಡಿದಾದ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ, ಸಂಪಾದಕಿ ಕಾದಂಬರಿಕಾರರ ಮನೆಯ ಕರೆಗಂಟೆ ಒತ್ತಿದಳು. ಈ ಮನುಷ್ಯ ಬರೆಯುವುದನ್ನು ಬಿಟ್ಟರೆ ಸಾಕಪ್ಪಾ ಎಂದು ವರ್ಷಗಟ್ಟಲೆ ಕಂಡ ದೇವರಿಗೆಲ್ಲ ಕೈಮುಗಿದವಳು ಅವಳು. ಕೊನೆಗೂ ಬಿಟ್ಟಿದ್ದರು. ಇನ್ನೊಂದೇ ಒಂದು ಬರೆಯಿರಿ ಎಂದು ಅಂಗಲಾಚಲು ಈಗ ಅವಳೇ ಬಂದಿದ್ದಳು.

ಇವರ ಪುಟಪುಟದಲ್ಲೂ ಚಂದ್ರ. ಮದುವೆಗೆ ಚಂದ್ರ, ಸಾವಿಗೆ ಚಂದ್ರ, ನಾಯಕ ಹಲ್ಲು ಕೀಳಿಸಿಕೊಂಡರೂ ಕಿಟಕಿಯಲ್ಲಿ ಚಂದ್ರ. ಒಂದನ್ನು ಹೊಡೆದುಹಾಕಿದರೆ ಸಿಟ್ಟಾಗಿ ಮುಂದಿನ ಹಸ್ತಪ್ರತಿಯನ್ನು ಇನ್ನೊಂದು ಊರಿನ ಪ್ರಕಾಶಕರಿಗೆ ಕೊಡುತ್ತಿದ್ದರು. ಅಲ್ಲೂ ಹೊಡೆದರೆ ಮತ್ತೆ ಇಲ್ಲಿಗೆ. ಮೊದಲ ಸಲ ಮುನಿಸಿಕೊಂಡು ಹೋದಾಗ ಅಲ್ಲಿಯ ಸಂಪಾದಕಿಗೆ ಇವಳು ಎರಡು ಸಾಲು ಗೀಚಿದ್ದಳು: "ಲೇಖಕರೊಬ್ಬರು ನಿಮ್ಮಲ್ಲಿಗೆ ಹೊರಟಿದ್ದಾರೆ. ಚಂದ್ರನೂ ಜೊತೆಗಿದ್ದಾನೆ, ಜೋಪಾನ." ಮರುಟಪಾಲಿಗೇ ಉತ್ತರ: "ಹುಣ್ಣಿಮೆಯವರು ಬಂದರು. ಅಮಾವಾಸ್ಯೆಗೂ ಬೆಳದಿಂಗಳು ಸುರಿಸಿದ್ದಾರೆ."

ಅಂದು ಹತ್ತಿದ ಪತ್ರದ ಗೀಳು ಬಿಡಲೇ ಇಲ್ಲ. ಮುಖ ನೋಡಿದವರಲ್ಲ; ಯಾರು ದೊಡ್ಡವರೆಂದು ಗೊತ್ತಿಲ್ಲದೆ ಇಬ್ಬರೂ ಒಬ್ಬರಿಗೊಬ್ಬರು 'ಅಕ್ಕ' ಆಗಿಬಿಟ್ಟರು. ತಾಯಿ ತೀರಿಕೊಂಡಾಗಲೂ ಇವಳು ಹುಣ್ಣಿಮೆಯವರನ್ನು ಬೈಯುತ್ತ ಬೈಯುತ್ತಲೇ ಅಕ್ಕನ ಮುಂದೆ ಅತ್ತು ಮುಗಿಸಿದ್ದಳು, ಕಾಗದದಲ್ಲಿ. ಹುಣ್ಣಿಮೆಯವರು ಪೆನ್ನು ಕೆಳಗಿಟ್ಟಿದ್ದೇ ತಡ, ಪತ್ರಗಳು ಸೊರಗಿದವು. ಬೈಯಲು ಆಳಿಲ್ಲ. ಕೊನೆಗೆ ಬಂದದ್ದು ಬರೀ ಒಂದು ಕಾರ್ಡು: "ಕ್ಷೇಮ. ಮೊಣಕಾಲು ನೋವು ಹಾಗೇ ಇದೆ. ಹೊಸ್ತಿಲು ದಾಟುವುದೂ ಕಷ್ಟ." ಓದಿ ಅವಳಿಗೆ ಹೆದರಿಕೆಯೇ ಆಯಿತು. ಅಕ್ಕನನ್ನು ಬಿಟ್ಟರೆ ಅವಳಿಗೆ ಮನಸಾರೆ ನಗಲು ಬೇರೆ ಯಾರೂ ಇರಲಿಲ್ಲ.

ಬಾಗಿಲು ತೆರೆದ ಕಾದಂಬರಿಕಾರರ ಹೆಂಡತಿ ಮುಖ ಗಂಟಿಕ್ಕಿದರು. "ನೀವೂ ಬರೆಸೋಕೇ ಬಂದ್ರಾ? ಈಗಷ್ಟೇ ತರಕಾರಿ ಹೆಚ್ಚೋದು ಕಲಿತಿದ್ದಾರೆ. ಪುಣ್ಯ ಬರತ್ತೆ, ಕೆಡಿಸ್ಬೇಡಿ."

ಹುಣ್ಣಿಮೆಯವರು ಚಾಕು ಹಿಡಿದೇ ಹೊರಬಂದರು. "ನನ್ನ ಚಂದ್ರನ್ನೆಲ್ಲ ನುಂಗಿದವರು ನೀವೇ ಅಲ್ವೇ?"

"ತಪ್ಪಾಯ್ತು ಸರ್. ಇನ್ನೊಂದು ಕಾದಂಬರಿ ಬರೀರಿ. ನಿಮ್ಮ ದಮ್ಮಯ್ಯ." ಹೇಳಿದ್ದು ತನ್ನ ನಾಲಿಗೆಯೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ.

ಅವರ ಎದೆ ಉಬ್ಬಿತು. "ಹೋದ ವಾರ ಆ ಊರಿನ ಸಂಪಾದಕಿಯೂ ಬಂದು ಇದನ್ನೇ ಕೇಳಿದ್ರು. ಪಾಪ, ಮಂಡಿ ನೋವಂತೆ, ಮೆಟ್ಟಿಲ ಮೇಲೆ ಕೂತು ಕೂತು ಹತ್ತಿ ಬಂದಿದ್ರು. ನೋಡೋಣ ಅಂದಿದ್ದೆ. ಒಬ್ರು ಕೇಳಿದ್ರೆ ದಾಕ್ಷಿಣ್ಯ ಅನ್ಬಹುದು. ಇಬ್ರು ಕೇಳಿದ್ರೆ ಅದು ಜನರ ಬೇಡಿಕೆ! ಮೂರು ಸಂಪುಟ ಬರೀತೀನಿ." ಆಮೇಲೆ ನಾಲಿಗೆ ಕಚ್ಚಿಕೊಂಡರು. "ಅಯ್ಯೋ, ನಿಮಗೆ ಮಾತ್ರ ಹೇಳ್ಬೇಡಿ ಅಂದಿದ್ರು."

"ನಾನು ಬಂದಿದ್ದನ್ನೂ ಅವರಿಗೆ ಹೇಳ್ಬೇಡಿ ಸರ್."

"ಛೆ ಛೆ, ನನ್ನ ಬಾಯಿಂದ ಬರತ್ತಾ?" ಎಂದು ಚಾಕುವನ್ನು ಹೆಂಡತಿಯ ಕೈಗಿತ್ತು ಅವರು ಪೆನ್ನು ಹುಡುಕಲು ಹೋದರು.

"ತರಕಾರಿ ಹೆಚ್ಚೋಕೆ ನಾಳೆಯಿಂದ ನೀವೇ ಬರ್ತೀರಾ?" ಎಂದರು ಹೆಂಡತಿ.

ಇಳಿಯುವಾಗ ಅವಳು ಒಂದೊಂದು ಮೆಟ್ಟಿಲನ್ನೂ ನೋಡುತ್ತ ಇಳಿದಳು. ಅಕ್ಕ ಎಲ್ಲೆಲ್ಲಿ ಕೂತಿದ್ದಳೋ. ಕಣ್ಣು ಮಂಜಾಗಿ ಪಕ್ಕದ ಕಂಬಿ ಹಿಡಿದುಕೊಳ್ಳಬೇಕಾಯಿತು. ಮನೆಗೆ ಬಂದವಳೇ ಬರೆದಳು: "ಅಕ್ಕಾ, ನಮ್ಮ ಗ್ರಹಚಾರ! ಹುಣ್ಣಿಮೆಯವರು ಮತ್ತೆ ಬರೆಯುತ್ತಾರಂತೆ. ಯಾರೋ ತಲೆಕೆಟ್ಟವರು ಮನೆಗೇ ಹೋಗಿ ಕಾಲಿಗೆ ಬಿದ್ದರಂತೆ."

ಕೆಲವೇ ದಿನಗಳಲ್ಲಿ ದಪ್ಪ ಲಕೋಟೆ ಬಂತು. ಆ ತಲೆಕೆಟ್ಟವರಿಗೆ ಒಳ್ಳೆಯದಾಗುವುದಿಲ್ಲ ಎಂದು ಶುರುವಾದದ್ದು, ಹುಣ್ಣಿಮೆಯವರ ಏಳು ಜನ್ಮವನ್ನೂ ಜಾಲಾಡಿ, ಹಾಳೆಗಳ ಎರಡೂ ಬದಿ ತುಂಬಿತ್ತು. ಅವಳು ಹೊಟ್ಟೆ ಹಿಡಿದು ನಗುತ್ತ ಓದಿದಳು. ಕೊನೆಯ ಹಾಳೆಯ ಅಂಚಿನಲ್ಲಿ, ಜಾಗ ಸಾಲದೆ ಅಡ್ಡಡ್ಡವಾಗಿ, ಒಂದು ಸಾಲಿತ್ತು:

"ಅಂದ ಹಾಗೆ ಅಕ್ಕಾ, ಆ ಮನೆಯ ಮೆಟ್ಟಿಲು ಬಹಳ ಕಡಿದು, ಅಲ್ಲವೇ?"