ನೆತ್ತಿಯೊಳಗಿನ ಮುಖ

ಏಳು ತಿಂಗಳಿಗೇ ಹುಟ್ಟಿದ ಮೊಮ್ಮಗಳ ನೆತ್ತಿಗೆ ಮೂರು ತಿಂಗಳಿಂದ ದಿನಾ ಹರಳೆಣ್ಣೆ ಒತ್ತಿದವರು ಪುಟ್ಟತಾಯಮ್ಮ. ಹಾಗಾಗಿ ಸ್ಕ್ಯಾನಿನಲ್ಲಿ ತಮ್ಮ ಮುಖವೇ ಬರುವುದೆಂದು ಹೊಸ ಸೀರೆಯುಟ್ಟು ಆಸ್ಪತ್ರೆಗೆ ಬಂದಿದ್ದರು. ಈಗೆಲ್ಲ ಹಾಗೆಯೇ ತಾನೆ? ಮೆತ್ತನೆಯ ನೆತ್ತಿಯ ಮೇಲೆ ಯಂತ್ರದ ಹಿಡಿ ಇಟ್ಟರೆ, ಕೂಸಿಗೆ ಅತಿ ಇಷ್ಟವಾದದ್ದು ಪರದೆಯ ಮೇಲೆ ಮೂಡುತ್ತದೆ. ಚಿತ್ರ ಸ್ಪಷ್ಟವಾಗಿದ್ದರೆ ಮಿದುಳು ಕ್ಷೇಮ.

ಸೊಸೆ ವಿಶಾಲಾಕ್ಷಿ ಉಸಿರು ಬಿಗಿಹಿಡಿದಳು. ಅವಳ ತಾಯಿ ಗೌರಮ್ಮ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು.

ಪರದೆಯ ಮೇಲಿನ ಮಂಜು ಸರಿಯಿತು. ಬಿಳಿಯ ಮೂರು ರೆಕ್ಕೆಗಳು ಗಿರಗಿರನೆ ತಿರುಗಿದವು.

“ಸೀಲಿಂಗ್ ಫ್ಯಾನು,” ಎಂದರು ಡಾಕ್ಟರು. “ರೆಕ್ಕೆ ಮೇಲಿನ ಧೂಳು ಕೂಡ ಕಾಣ್ತಿದೆ. ಮಿದುಳಿಗೇನೂ ಆಗಿಲ್ಲಮ್ಮ, ಮಗು ಕಲ್ಲುಗುಂಡಿನ ಹಾಗಿದೆ.”

ವಿಶಾಲಾಕ್ಷಿ ಸಂತೋಷಕ್ಕೆ ಅತ್ತೇಬಿಟ್ಟಳು.

“ಆ ಫ್ಯಾನು ಗೃಹಪ್ರವೇಶಕ್ಕೆ ನಾವು ಕೊಟ್ಟಿದ್ದು, ಬೀಗಿತ್ತಿಯವರೇ,” ಎಂದು ಗೌರಮ್ಮ ಸೆರಗು ಸರಿಪಡಿಸಿಕೊಂಡರು.

ಪುಟ್ಟತಾಯಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಮುಂದಿನ ಸ್ಕ್ಯಾನಿಗೆ ಇನ್ನು ಒಂದೇ ತಿಂಗಳು. ಮನೆಗೆ ಬಂದವರೇ ಫ್ಯಾನು ನಿಲ್ಲಿಸಿ, ತೊಟ್ಟಿಲ ಮುಂದೆ ನಿಂತು, ಎರಡೂ ಕೈ ಚಾಚಿ ಗಿರಗಿರನೆ ತಿರುಗತೊಡಗಿದರು.