ಮಿಲೆವಾಳ ಬಿಪಿ

ಮಿಲೆವಾಳ ತೋಳಿಗೆ ಸುತ್ತಿದ ಪಟ್ಟಿಯ ಗಾಳಿ ಬಿಡುತ್ತಾ, ತಡೆದಿದ್ದ ರಕ್ತ ಮತ್ತೆ ನುಗ್ಗುವ ಡಬ್‌ಡಬ್ ಸದ್ದಿಗೆ ನೆರೆಮನೆಯ ದೆಸಾಂಕಾ ಕಿವಿಗೊಟ್ಟಳು. ನಮ್ಮ ಚಾಚಕ್ ಊರಿನಲ್ಲಿ ಬಿಪಿ ನೋಡದೆ ಹೆಂಗಸರ ಬೆಳಗಿನ ಕಾಫಿ ಮುಗಿಯುವುದಿಲ್ಲ. ಅದರಲ್ಲೂ ಮಿಲೆವಾ ಗಂಡನನ್ನು ಮಣ್ಣು ಮಾಡಿ ಬಂದು ಒಂಬತ್ತೇ ದಿನವಾಗಿತ್ತು.

"ನೂರ ಇಪ್ಪತ್ತು, ಎಂಬತ್ತು," ದೆಸಾಂಕಾ ಬೆರಗಾದಳು. "ಅವನಿದ್ದಾಗ ನೂರ ಎಂಬತ್ತರಿಂದ ಒಂದಿನಾನೂ ಇಳೀಲಿಲ್ವಲ್ಲೇ!"

"ಮೆಲ್ಲಗೆ ಮಾತಾಡೇ, ಅತ್ತೆ ಕೇಳಿಸ್ಕೊಂಡಾರು! ಇನ್ನೊಂದ್ಸಲ ನೋಡು."

ಇನ್ನೊಂದು ಸಲವೂ ಅಷ್ಟೇ ಬಂತು. ಒಳಕೋಣೆಯಿಂದ ಅತ್ತೆ ಕೇಳಿದಳು, "ಎಷ್ಟು ಬಂತೇ?"

"ನೂರ ತೊಂಬತ್ತು ಕಣಮ್ಮಾ!" ದೆಸಾಂಕಾ ಕೂಗಿದಳು. "ಪಾಪ, ಕೊರಗಿ ಕೊರಗಿ ಇವಳೆದೆ ಒಡೆದ್ಹೋಗ್ತಿದೆ!"

ಪೂರ್ತಿ ಸುಳ್ಳೇನಲ್ಲ. ಅದು ಆ ಬೆಳಗ್ಗೆ ದೆಸಾಂಕಾಳದೇ ತೋಳು ತೋರಿಸಿದ ಅಂಕಿ. ಅವಳ ಗಂಡ ಇನ್ನೂ ಗುಂಡುಕಲ್ಲಿನ ಹಾಗಿದ್ದ.