ಗೋಡೆಯ ಕಿವಿ

ಗಡಿಯೂರಿನ ಪ್ರತಿ ಮನೆಯ ಗೋಡೆಯಲ್ಲೂ ದೇಶದ ಭದ್ರತೆಗೆಂದು ಒಂದು ಕಿವಿಯಿತ್ತು. ಆದರೆ ಗಣರಾಜ್ಯ ಕಟ್ಟಿದ ಹಿರಿಯರು ಒಂದು ನಿಯಮ ಬರೆದಿಟ್ಟಿದ್ದರು: ಆ ಕಿವಿಯ ಮೂಲಕ ಕೇಳಿದವರು ವರ್ಷಕ್ಕೊಮ್ಮೆ ಆ ಮನೆಗೇ ಬಂದು, ಕೇಳಿದ್ದನ್ನೆಲ್ಲ ಮನೆಯವರಿಗೆ ಹೇಳಬೇಕು. ಕಿವಿ ಇರಬೇಕೋ ಬೇಡವೋ ಎಂದು ಮನೆಯವರೇ ತೀರ್ಮಾನಿಸಬೇಕು.

ವರ್ಷ ತುಂಬಿದ ಬೆಳಿಗ್ಗೆ, ಕೇಳುವ ಕೆಲಸದ ಶಾಂಭವಿ ಕುಂಬಾರರ ನೀಲವ್ವನ ಮನೆಗೆ ಬಂದಳು. ಒಂಟಿಯಾಗಿದ್ದ ಶಾಂಭವಿಗೆ ವರ್ಷವಿಡೀ ಈ ಮನೆಯ ಮಾತುಗಳೇ ಜೊತೆಯಾಗಿದ್ದವು.

"ಏನೇನ್ ಕೇಳೀರಿ ಅಕ್ಕಾರ?" ನೀಲವ್ವ ಅಂಜುತ್ತಲೇ ವಿಚಾರಿಸಿದಳು.

"ತೊದಲೋ ಮಗಳಿಗೆ ನೀವು ದಿನಾ ಪದ್ಯ ಕಲಿಸ್ತಿದ್ರಿ. ಹೋದ ವಾರ ಆಕಿ ಎಲ್ಲೂ ತಡವರಿಸದಂಗ ಪೂರ್ತಿ ಹೇಳಿದ್ಲು. ನನಗ ಅಳು ಬಂತು. ಇಲ್ಲಿ ದೇಶಕ್ಕ ಅಪಾಯ ಏನೂ ಇಲ್ರಿ. ಕಿವಿ ತೆಗೆಸಿಬಿಡ್ರಿ."

ನೀಲವ್ವ ಅವಳ ಮುಖವನ್ನೇ ನೋಡಿದಳು. "ತಗದ್ರ ನಿಮಗ ಬ್ಯಾಸರಾಗೂದಿಲ್ಲೇನ್ರಿ?"

"ಆಗ್ತದ್ರಿ," ಎಂದಳು ಶಾಂಭವಿ. "ಅದಕ್ಕ ಇದು ಇರಬಾರದು."

ನೀಲವ್ವ ಒಪ್ಪಿದಳು. ಶಾಂಭವಿ ತಾನೇ ಕಿವಿಯನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಹೊಸ್ತಿಲು ದಾಟಿದಳು. ಹಿಂದಿನಿಂದ ನೀಲವ್ವ ಕೂಗಿದಳು:

"ಅಕ್ಕಾರ, ನಾಳೆ ಊಟಕ್ಕ ಬರ್ರಿ. ಈ ಸಲ ಕರದೀವಂತ ಬರ್ರಿ."